ಎಡತೊಡೆಯ ಸುತ್ತಳತೆ

ಮನುಷ್ಯನಿಗೆ ತನ್ನ ದೇಹದ ಮೇಲೆ ನಂಬಿಕೆ ಇರುವುದು ಅದನ್ನು ಅಳೆಯುವವರೆಗೆ ಮಾತ್ರ. ಅಳತೆ ಶುರುವಾಯಿತೋ, ಕೈಕಾಲುಗಳು ಬಾಡಿಗೆಯವರ ಹಾಗೆ ಕಾಣತೊಡಗುತ್ತವೆ. ಯಾವಾಗ ಖಾಲಿ ಮಾಡಿಕೊಂಡು ಹೊರಡುತ್ತವೋ ಹೇಳಲಾಗದು. ನೌಕಾನೆಲೆಯ ಉಗ್ರಾಣದಲ್ಲಿ ಹಗ್ಗ, ಸರಪಳಿ ಅಳೆದು ನಿವೃತ್ತನಾಗಿ ತೆಲುಗು ನಾಡಿನ ಪೆಂಡುರ್ತಿಯಲ್ಲಿ ಮನೆ ಮಾಡಿದ ನನಗೆ, ನನ್ನ ಎಡತೊಡೆಯನ್ನೇ ಅಳೆಸಿಕೊಳ್ಳುವ ಗತಿ ಬರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಒಂದು ಬೆಳಿಗ್ಗೆ ಪ್ಯಾಂಟಿನ ಎಡಗಾಲು ಸಡಿಲವೆನಿಸಿತು. ಬೇರೆಯವರಾದರೆ ದರ್ಜಿಯನ್ನು ಬೈದು ಸುಮ್ಮನಾಗುತ್ತಿದ್ದರು. ನನಗೆ ಬೆನ್ನಲ್ಲಿ ಚಳಿ ಹುಟ್ಟಿತು. ಹಾವೇರಿಯಲ್ಲಿದ್ದ ನಮ್ಮಣ್ಣನೂ ಹೀಗೇ ಒಂದು ದಿನ, "ಈ ಪ್ಯಾಂಟ್ ಯಾಕೋ ಎಡಕ್ಕ ಸಡ್ಲ ಆಗೇತಲೇ" ಎಂದು ನಕ್ಕಿದ್ದ. ಆಮೇಲೆ ಕಾಲಿನ ಸ್ನಾಯು ಸವೆಯುತ್ತ ಹೋಗಿ ಎರಡು ವರ್ಷಕ್ಕೆ ಅವನೇ ಇಲ್ಲವಾದ. ಡಾಕ್ಟರಲ್ಲಿಗೆ ಓಡಿದೆ. ಅವರು ನನ್ನ ಮಂಡಿಚಿಪ್ಪಿನಿಂದ ಒಂದು ಗೇಣು ಮೇಲಕ್ಕೆ ಪೆನ್ನಿನಲ್ಲಿ ಗೆರೆ ಎಳೆದು, ವಾರಕ್ಕೊಮ್ಮೆ ಅದೇ ಜಾಗಕ್ಕೆ ಟೇಪು ಸುತ್ತಿ ನೋಡಿ ಎಂದರು. ಟೇಪಿಗೇನು ಬರವಿಲ್ಲ. ನನ್ನ ಹೆಂಡತಿ ಸರಳಾ ವಿಜಯವಾಡದವಳು, ಬೀದಿಯ ಹೆಂಗಸರಿಗೆಲ್ಲ ಬ್ಲೌಸು ಹೊಲಿಯುವವಳು.

ಮೊದಲ ಶನಿವಾರ ಅವಳು ಟೇಪು ಸುತ್ತಿದಾಗ ಇಪ್ಪತ್ತು ಇಂಚು. ಮರುವಾರ ಹತ್ತೊಂಬತ್ತೂವರೆ. ಮೂರನೆಯ ವಾರ ಹತ್ತೊಂಬತ್ತು. "ಎಷ್ಟಾತು?" ಎಂದು ಕೇಳುವ ಧೈರ್ಯ ಆಮೇಲೆ ಉಳಿಯಲಿಲ್ಲ, ಅವಳ ಮುಖ ನೋಡಿ ತಿಳಿದುಕೊಳ್ಳುತ್ತಿದ್ದೆ. ಪ್ಯಾಂಟಿನೊಳಗೆ ಯಾರೋ ಕುಳಿತು ಸದ್ದಿಲ್ಲದೆ ತಿನ್ನುತ್ತಿದ್ದಾರೆ ಎನಿಸುತ್ತಿತ್ತು. ವಾಕಿಂಗಿನಲ್ಲಿ ಸಿಕ್ಕವರು "ಬಾಗಾ ತಗ್ಗಾರು ಸಾರ್", ಚೆನ್ನಾಗಿ ಇಳಿದಿದ್ದೀರಿ ಎಂದು ಮೆಚ್ಚಿದಾಗ ಎದೆ ಧಸಕ್ಕೆನ್ನುತ್ತಿತ್ತು. ಒಂದು ಮಧ್ಯಾಹ್ನ ಬೀರುವಿನ ಕನ್ನಡಿಯ ಮುಂದೆ ನಡೆದು ನೋಡಿದೆ. ಕನ್ನಡಿಯೊಳಗೆ ನಡೆಯುತ್ತಿದ್ದವನು ನಮ್ಮಣ್ಣ. ಅದೇ ಎಡ ಭುಜದ ವಾಲು, ಅದೇ ಹೆಜ್ಜೆ ಎಳೆತ. ನಾನು ನಿಂತ ಮೇಲೂ ಅವನು ಅರೆಕ್ಷಣ ನಡೆದ ಹಾಗಾಯಿತು. ಬೀರುವಿಗೆ ಬೆಡ್‌ಶೀಟು ಹೊದಿಸಿಬಿಟ್ಟೆ.

ಟೇಪು ಚರ್ಮ, ಕೊಬ್ಬು ಎಲ್ಲ ಸೇರಿಸಿ ಅಳೆಯುತ್ತದೆ, ಸ್ಕ್ಯಾನು ಮಾಡಿದರೆ ಸ್ನಾಯುವಿನ ದಪ್ಪವೇ ಸಿಗುತ್ತದೆ ಎಂದರು ಡಾಕ್ಟರು. ಭಾವಮೈದುನ ವಿಜಯವಾಡದಲ್ಲಿ ಏರ್ಪಾಡು ಮಾಡಿದ. ಕತ್ತಲೆ ಕೋಣೆ, ತೊಡೆಗೆ ತಣ್ಣನೆಯ ಲೋಳೆ. ಪರದೆಯಲ್ಲಿ ಬೂದು ಬಣ್ಣದ ಪಟ್ಟೆಗಳು. ಸ್ಕ್ಯಾನು ಮಾಡುವ ಹುಡುಗಿ ಪಿಸುದನಿಯಲ್ಲಿ ಹೇಳತೊಡಗಿದಳು: "ಇದುಗೋ ಕಂಡ... ಇಕ್ಕಡ ಕಂಡ... ಕದುಲುತೋಂದಿ."

ತೆಲುಗಿನಲ್ಲಿ ಕಂಡ ಎಂದರೆ ಸ್ನಾಯು. ಈ ನಾಡಿನ ಅಳಿಯನಾದ ನನಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೆ ಹೆದರಿದವನ ಕಿವಿಗೆ ತಾಯಿಭಾಷೆಯೊಂದೇ ಕೇಳುವುದು. ಇಗೋ ಕಂಡ, ಇಲ್ಲಿ ಕಂಡ, ಅಲುಗಾಡುತ್ತಿದ್ದಾನೆ! ಪರದೆಯಲ್ಲಿ ನಿಜಕ್ಕೂ ಏನೋ ಮಿಸುಕಿತು. "ಯಾರು ಕಂಡ? ನಮ್ಮಣ್ಣನಾ?" ಎಂದು ಹಾವೇರಿ ಕನ್ನಡದಲ್ಲೇ ಚೀರಿ ಎದ್ದು ಕುಳಿತೆ. ಹುಡುಗಿ ಹೌಹಾರಿ ದೀಪ ಹಾಕಿ, ಸರಳಾಳನ್ನು ಒಳಗೆ ಕರೆದಳು.

ರಿಪೋರ್ಟು ಬಂತು: ಎರಡೂ ತೊಡೆಯ ಸ್ನಾಯು ಒಂದೇ ದಪ್ಪ. ಯಾವ ರೋಗವೂ ಇಲ್ಲ. ಹಾಗಾದರೆ ಆ ಇಂಚುಗಳು ಎಲ್ಲಿ ಹೋದವು? ಹೊರಗೆ ಬೆಂಚಿನ ಮೇಲೆ ಸರಳಾ ರಿಪೋರ್ಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

"ಏಮಂಡಿ, ತಪ್ಪು ನನ್ನದೇ. ಮೊದಲ ವಾರ ಬ್ಲೌಸಿಗೆ ಅಳೆಯೋ ಹಾಗೆ ಟೇಪಿನೊಳಗೆ ಎರಡು ಬೆರಳು ಇಟ್ಟಿದ್ದೆ. ಮರುವಾರ ಬಾವಗಾರು, ನಿಮ್ಮಣ್ಣ, ನೆನಪಾದ್ರು, ಹೆದರಿಕೆಗೆ ಒಂದು ಬೆರಳು ತೆಗೆದೆ. ಆಮೇಲೆ ಇನ್ನೊಂದೂ. ಕಡೆಗೆ ಕೈ ತಾನೇ ಬಿಗಿಯಾಗಿ ಎಳೀತಿತ್ತು. ಕೈ ನಡುಗೋದು ನಿಮಗೆ ಕಾಣ್ತಿರಲಿಲ್ವಾ?"

ಕಾಣುತ್ತಿರಲಿಲ್ಲ. ಇಷ್ಟು ಶನಿವಾರ ಅವಳು ನನ್ನ ಕಾಲ ಬಳಿ ಕೂತಿದ್ದಾಗ ನಾನು ನೋಡುತ್ತಿದ್ದದ್ದು ನನ್ನ ತೊಡೆಯನ್ನು ಮಾತ್ರ.