ಅವಲಂಬಿತರ ಪಟ್ಟಿ

ದುಬೈಯಲ್ಲಿ ಟ್ಯಾಕ್ಸ್ ಇಲ್ಲ ಎನ್ನುವವರು ನನ್ನ ಒಂದು ಶುಕ್ರವಾರ ನೋಡಬೇಕಿತ್ತು. ಜುಮೇರಾ ಲೇಕ್ ಟವರ್ಸ್‌ನ ಆಫೀಸೊಂದರಲ್ಲಿ ಅಕೌಂಟೆಂಟ್ ಆಗಿದ್ದ ತಪ್ಪಿಗೆ, ಊರಲ್ಲಿ ಬಾಡಿಗೆ ಮನೆಯಿದ್ದು ಅಲ್ಲಿನ ತೆರಿಗೆ ತುಂಬಬೇಕಾದ ಕರಾವಳಿಯವರೆಲ್ಲ ರಜೆಯ ದಿನ ಕಾಗದದ ಕಟ್ಟು ಹಿಡಿದು ನಮ್ಮ ಫ್ಲ್ಯಾಟಿಗೇ ಬರುತ್ತಿದ್ದರು. ವೀಸಾದ ಫಾರಂ ಕೂಡ ಅದರ ಜೊತೆಗೇ. ಮಕ್ಕಳ ಕಾಲೇಜು ಶುರುವಾಗುವ ಹೊತ್ತಿಗಂತೂ ನನ್ನ ಹೆಂಡತಿ ಚಹಾಕ್ಕೆ ದೊಡ್ಡ ಪಾತ್ರೆಯನ್ನೇ ಇಡುತ್ತಿದ್ದಳು.

ಮೆರಿಟ್ ಸೀಟು

ಹೋಟೆಲೊಂದರ ಮ್ಯಾನೇಜರ್ ಬಂದರು. ಮಂಗಳೂರಿನಲ್ಲಿ ಓದುವ ಮೂರು ಮಕ್ಕಳು, ಮೂರು ಫೀ ರಸೀದಿ. ಇಬ್ಬರು ಮಕ್ಕಳ ಫೀಗೆ ಮಾತ್ರ ತೆರಿಗೆಯಲ್ಲಿ ವಿನಾಯಿತಿ ಎಂದೆ. ಮೂರನೆಯದು ಸರ್ಕಾರದ ಲೆಕ್ಕದಲ್ಲಿ ಯಾರ ಮಗು ಎಂದು ಕೇಳಿದರು. ಅದು ನನಗೆ ಗೊತ್ತಿಲ್ಲ, ಹೆಚ್ಚು ಫೀ ಇರುವ ಇಬ್ಬರನ್ನು ಆರಿಸಿ ಎಂದೆ.

ಅವರು ರಸೀದಿಗಳನ್ನು ಜೋಡಿಸಿ ನೋಡಿದರು. ಎರಡೆರಡು ಸಲ ಫೇಲಾದ ಮೊದಲಿನ ಇಬ್ಬರದ್ದು ಖಾಸಗಿ ಕಾಲೇಜಿನ ಭಾರಿ ಫೀ. ಮೂರನೆಯವನದ್ದು ಸರ್ಕಾರಿ ಕಾಲೇಜಿನ ಸಣ್ಣ ಚೀಟಿ.

"ನೋಡಿ ಮಾರಾಯ್ರೇ, ಆ ಇಬ್ಬರು ಅಪ್ಪನ ಉಪಯೋಗಕ್ಕೆ ಬಂದರು" ಎಂದರು. "ಇವ ಒಬ್ಬ ಓದಿ ಹಾಳಾದ."

ಸ್ವಾತಂತ್ರ್ಯ

ದೇರಾದಲ್ಲಿ ಅಂಗಡಿಯಿದ್ದ ಬ್ಯಾರಿ ಸಾಹೇಬರ ಮಗನಿಗೆ ಹದಿನೆಂಟು ತುಂಬಿತ್ತು. ಗಂಡುಮಕ್ಕಳು ಆಮೇಲೂ ಅಪ್ಪನ ವೀಸಾದಲ್ಲಿ ಇರಬೇಕೆಂದರೆ ಓದುತ್ತಿದ್ದಾರೆಂದು ಕಾಲೇಜಿನಿಂದ ಪತ್ರ ತರಬೇಕು. ಅಪ್ಪ ಹಾಜರಾತಿ ವಿಚಾರಿಸಿದ್ದೇ ಹುಡುಗನಿಗೆ ಅವಮಾನವಾಯಿತು. ತಾನೀಗ ದೊಡ್ಡವನು, ಯಾರ ಅವಲಂಬಿತನೂ ಅಲ್ಲ ಎಂದು ನನ್ನೆದುರೇ ಇಂಗ್ಲಿಷಿನಲ್ಲಿ ಭಾಷಣ ಮಾಡಿದ.

ಸಾಹೇಬರು ಸಿಟ್ಟಾಗಲಿಲ್ಲ. "ಇವನ ಹೆಸರು ಹೊಡೆದುಹಾಕಿ. ಖಲಾಸ್" ಎಂದು ಫಾರಂ ನನ್ನತ್ತ ತಳ್ಳಿದರು.

ಹೊಡೆದರೆ ಏನಾಗುತ್ತದೆ ಎಂದು ಹುಡುಗ ಕೇಳಿದ. ವೀಸಾ ರದ್ದಾಗುತ್ತದೆ, ಊರಿಗೆ ಹೋಗಿ ಅಜ್ಜಿಯ ಜೊತೆ ಇರಬಹುದು ಎಂದೆ. ಅಲ್ಲಿ ಎಸಿ ಇದೆಯಾ ಎಂದು ಅಪ್ಪನನ್ನು ಕೇಳಿದ. ಕರೆಂಟೇ ಇರುವುದಿಲ್ಲ ಎಂದರು ಸಾಹೇಬರು.

ನಮ್ಮ ದೇಶದ ಸ್ವಾತಂತ್ರ್ಯ ಹೋರಾಟಕ್ಕೆ ಎಷ್ಟೋ ತಲೆಮಾರು ಹಿಡಿಯಿತು. ಇವನದ್ದು ಚಹಾ ಆರುವ ಮೊದಲೇ ಮುಗಿಯಿತು.

ಮೂರು ಸಹಿ

ಅಬುಧಾಬಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಗಸು ಅಪ್ಪನನ್ನು ಕರೆದುಕೊಂಡು ಬಂದಳು. ಹೆಂಡತಿ ತೀರಿಕೊಂಡ ಮೇಲೆ ಅವರು ವಿಸಿಟ್ ವೀಸಾದಲ್ಲಿ ಮಗಳ ಮನೆಗೆ ಬಂದಿದ್ದರು. ಮೂವರು ಗಂಡುಮಕ್ಕಳನ್ನು ಅವರು ಗದ್ದೆ ಮಾರಿ ಓದಿಸಿದವರು. ಹೆಣ್ಣಿಗೆ ಅಷ್ಟೆಲ್ಲ ಯಾಕೆಂದಾಗ ಇವಳು ತನ್ನ ಹೆಸರಲ್ಲೇ ಸಾಲ ಮಾಡಿ ಓದಿದ್ದಳು. ಈಗ ಅಪ್ಪನನ್ನು ತನ್ನ ವೀಸಾಕ್ಕೆ ಹಾಕಿಸಿಕೊಳ್ಳಬೇಕಿತ್ತು. ಅದಕ್ಕೆ, ಇವಳ ಹೊರತು ನೋಡಿಕೊಳ್ಳುವವರು ಬೇರಾರೂ ಇಲ್ಲ ಎಂಬ ಪತ್ರ ಬೇಕು. ಗಂಡುಮಕ್ಕಳೂ ಅದಕ್ಕೆ ಸಹಿ ಹಾಕಿದರೆ ಒಳ್ಳೆಯದು ಎಂದೆ.

ಅಪ್ಪನ ಮುಖ ಸಣ್ಣದಾಯಿತು. ಮಕ್ಕಳು ಮರ್ಯಾದಸ್ಥರು, ಇಂಥದ್ದಕ್ಕೆ ಸಹಿ ಹಾಕಲಾರರು, ನೊಂದುಕೊಳ್ಳುತ್ತಾರೆ ಎಂದರು. ಅಲ್ಲದೆ ಮನೆ ಪಾಲಾದಾಗಿನಿಂದ ಆ ಮೂವರಿಗೆ ಪರಸ್ಪರ ಮಾತಿಲ್ಲವಂತೆ. ಆದರೂ ಪತ್ರ ಬರೆದು ಮೂವರಿಗೂ ಈಮೇಲ್ ಮಾಡಿದೆ.

ಊಟಕ್ಕೆ ಕುಳಿತಿದ್ದೆವು. ಅನ್ನ ಬಡಿಸುವಷ್ಟರಲ್ಲಿ ಒಬ್ಬನ ಸಹಿ ಬಂತು, ಮೀನು ಸಾರಿಗೆ ಇನ್ನೊಬ್ಬನದು. ಮಜ್ಜಿಗೆಯ ಹೊತ್ತಿಗೆ ಹಿರಿಯವನದೂ ಬಂತು. ಅವನು ವಕೀಲ. 'ಬೇರಾರೂ ಇಲ್ಲ' ಎಂಬಲ್ಲಿ ಕೈಬರಹದಲ್ಲಿ 'ಮುಂದೆಯೂ ಇರುವುದಿಲ್ಲ' ಎಂದು ಸೇರಿಸಿದ್ದ.

ಅಪ್ಪ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಆಮೇಲೆ ಮಗಳತ್ತ ತಿರುಗಿ, ಮೂವರೂ ಒಂದು ಮಾತಿಗೆ ಒಪ್ಪಿದ್ದು ಇದೇ ಮೊದಲು ಎಂದರು.

ಮಗಳು ಅವರ ಕೈಗೆ ಪೆನ್ನು ಕೊಟ್ಟಳು. "ಇಲ್ಲಿ ಸಹಿ ಹಾಕಿ ಅಪ್ಪ. ಈ ವೀಸಾ ಪ್ರತಿವರ್ಷ ರಿನ್ಯೂ ಮಾಡಬೇಕು. ಮಾಡುವುದೋ ಬಿಡುವುದೋ, ನಿಮ್ಮ ನಡತೆ ನೋಡಿ ಹೇಳುತ್ತೇನೆ."