ಸಂಜೆ ಆರರವರೆಗೆ ಕೀ ತಿರುಗಿಸಬಾರದು

ಭಾನುವಾರ ಬೆಳಿಗ್ಗೆ ಏಳಕ್ಕೆ ಬಸವೇಶ್ವರನಗರದ ಒಂದು ಅಡ್ಡರಸ್ತೆಯಲ್ಲಿ ಉದಯಕುಮಾರನ ಕಾರು ಗೇಟಿನಿಂದ ಹಿಂದಕ್ಕೆ ಬಂತು. ನಿಲ್ಲಬೇಕಾದಲ್ಲಿ ನಿಲ್ಲದೆ ಎದುರುಮನೆ ನೀಲಮ್ಮನವರ ಗುಲಾಬಿ ಕುಂಡವನ್ನು ಪುಡಿ ಮಾಡಿ, ಆಮೇಲೆ ನಿಂತಿತು.

ಎರಡು ವಾರದಿಂದ ಹೀಗೇ. ರಾತ್ರಿಯೆಲ್ಲ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡಿ ಬ್ರೇಕ್ ಒತ್ತಿದರೆ ಪೆಡಲು ಒರಳುಕಲ್ಲಿನಷ್ಟು ಗಟ್ಟಿ. ಐದು ನಿಮಿಷ ಇಂಜಿನ್ ಓಡಿತೋ, ಏನೂ ಆಗಿಲ್ಲದ ಹಾಗೆ ಮೆತ್ತಗೆ. ಆದರೆ ಇದನ್ನೆಲ್ಲ ಕೇಳುವ ಪುರುಸೊತ್ತು ಬೀದಿಗೆ ಎಲ್ಲಿತ್ತು?

"ಬ್ರೇಕ್ ಹಿಡೀಲಿಲ್ಲ ಆಂಟಿ."

"ಕುಂಡ ಮಾತ್ರ ಸರಿಯಾಗಿ ಹಿಡೀತಲ್ಲಪ್ಪಾ!" ಅಂದರು ನೀಲಮ್ಮ.

ಪಕ್ಕದ ಮನೆಯ ಚನ್ನವೀರಪ್ಪನವರು ಮೂವತ್ತೆರಡು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತರಾದವರು. ಲುಂಗಿ ಎತ್ತಿ ಕಟ್ಟಿ, ಕೀ ಕಿತ್ತುಕೊಂಡು, ಬೀದಿಯಲ್ಲಿ ಎರಡು ಸುತ್ತು ಹೊಡೆದು, ನೀಲಮ್ಮನವರ ಉಳಿದ ಕುಂಡಕ್ಕೆ ಗೇಣು ದೂರದಲ್ಲಿ ಗಕ್ಕನೆ ನಿಲ್ಲಿಸಿದರು.

"ಬ್ರೇಕು ಬೆಣ್ಣೆ ಇದ್ದಂಗಿದೆ ಕಣಯ್ಯಾ. ಸರಿಯಿಲ್ದೇ ಇರೋದು ನಿನ್ ಕಾಲು. ನಾಳೆಯಿಂದ ಎಲ್ ಬೋರ್ಡ್ ಅಂಟಿಸ್ಕೋ. ನಾನೇ ಕಲಿಸ್ತೀನಿ."

"ಅಂಕಲ್, ನನಗೆ ಹದಿನಾಲ್ಕು ವರ್ಷದಿಂದ ಲೈಸೆನ್ಸ್ ಇದೆ!"

"ಯಾರು ಕೊಟ್ರೋ ಪಾಪ."

ಹೆಂಡತಿ ಶೈಲಾ ಕೂಡ ಕೈಕೊಟ್ಟಳು. "ರೀ, ಸಂಜೆಯೊಳಗೆ ತಪ್ಪು ಗಾಡೀದೇ ಅಂತ ಬೀದಿಯೋರ ಮುಂದೆ ತೋರಿಸಿ. ಇಲ್ಲಾಂದ್ರೆ ಅಂಕಲ್ ಹತ್ರ ಕಲೀರಿ. ತಲೆ ಎತ್ಕೊಂಡು ತರಕಾರಿ ತರೋದು ಬೇಡ್ವಾ ನಾನು?"

ಉದಯಕುಮಾರ ಮೆಕ್ಯಾನಿಕ್ ದುಂಡಪ್ಪನಿಗೆ ಫೋನು ಹಚ್ಚಿದ. ಗೋಕಾಕದ ಕಡೆಯ ದುಂಡಪ್ಪ ಮಾಗಡಿ ರಸ್ತೆಯಲ್ಲಿ ಗ್ಯಾರೇಜು ಇಟ್ಟವನು.

"ಈಗ ಓಡ್ಸೀರಿಲ್ರಿ ಸರ? ಗಾಡಿ ಬಿಸಿ ಇದ್ದಾಗ ನೋಡಿದ್ರ ಏನ್ ಗೊತ್ತಾಕ್ಕೈತ್ರಿ? ಪೇಶಂಟ್ ಕೆಮ್ಮುಮುಂದ ಡಾಕ್ಟರ್ ಎದುರಿಗಿರಬೇಕು. ಸಂಜಿ ಆರಕ್ಕ ಬರ್ತೀನಿ. ಅಲ್ಲೀಮಟ ಕೀ ತಿರುವಬ್ಯಾಡ್ರಿ. ಯಾರಿಗೂ ಮುಟ್ಟಗೊಡಬ್ಯಾಡ್ರಿ."

ಉದಯಕುಮಾರ ಕೀಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಕಾರಿನ ಪಕ್ಕ ಕುರ್ಚಿ ಹಾಕಿ ಕೂತ.

ಹತ್ತು ಗಂಟೆಗೆ ನೀರಿನ ಟ್ಯಾಂಕರು ಬಂತು. ಕಾರು ಇನ್ನೂ ರಸ್ತೆಗೆ ಅಡ್ಡ.

"ಸಾರ್, ಗಾಡಿ ತೆಗೀರಿ!"

"ಸ್ಟಾರ್ಟ್ ಮಾಡಂಗಿಲ್ಲ."

"ಪೆಟ್ರೋಲ್ ಇಲ್ವಾ?"

"ಫುಲ್ ಇದೆ."

ಟ್ಯಾಂಕರಿನವನು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪಾಪ ಅನಿಸಿ ಇಳಿದು ಬಂದ. ಇಬ್ಬರೂ ಸೇರಿ ಏರಿನಲ್ಲಿ ಕಾರು ನೂಕಿದರು. ಉದಯಕುಮಾರನ ಪಂಚೆ ಎರಡು ಸಲ ಬಿಚ್ಚಿತು. ನೀಲಮ್ಮ ಗೇಟಿನಲ್ಲಿ ನಿಂತು "ಎಡಕ್ಕೆ, ಎಡಕ್ಕೆ! ಕುಂಡ, ಕುಂಡ!" ಎಂದು ಕೂಗುತ್ತಿದ್ದರು. ಎತ್ತಿನಗಾಡಿಯೂ ಅಷ್ಟು ನಿಧಾನಕ್ಕೆ ಆ ರಸ್ತೆ ದಾಟಿರಲಿಕ್ಕಿಲ್ಲ.

ಮಧ್ಯಾಹ್ನ ಏಪ್ರಿಲ್ ಬಿಸಿಲು ಬಾನೆಟ್ಟಿನ ಮೇಲೆ ದೋಸೆ ಹುಯ್ಯುವ ಹಾಗೆ ಕಾಯತೊಡಗಿತು. ಇಂಜಿನ್ ಬಿಸಿಲಿಗೇ ಬಿಸಿಯಾಗಿಬಿಟ್ಟರೆ? ಉದಯಕುಮಾರ ಬೆಡ್‌ಶೀಟು ಒದ್ದೆ ಮಾಡಿ ಬಾನೆಟ್ಟಿಗೆ ಹೊದಿಸಿದ. ಅರ್ಧ ಗಂಟೆಗೊಮ್ಮೆ ಚೊಂಬಿನಲ್ಲಿ ನೀರು ಚಿಮುಕಿಸಿದ.

"ಗಾಡಿಗೆ ಜ್ವರಾನೇನಪ್ಪಾ?" ನೀಲಮ್ಮ ಕೇಳಿದರು.

"ಬರಬಾರ್ದು ಅಂತ ಆಂಟಿ."

"ಗಾಡಿಗಲ್ಲ, ಇವನಿಗೇ," ಎಂದು ಅವರು ಶೈಲಾಳಿಗೆ ಕಣ್ಣಲ್ಲೇ ಹೇಳಿದರು.

ಮೂರಕ್ಕೆ ಚನ್ನವೀರಪ್ಪನವರು ಬಂದರು. "ಕೊಡಯ್ಯಾ ಕೀ, ಒಂದ್ ರೌಂಡ್ ಹೋಗಿ ಬಾಳೆಹಣ್ಣು ತರ್ತೀನಿ."

"ಆಟೋಗೆ ನಾನ್ ದುಡ್ಡು ಕೊಡ್ತೀನಿ ಅಂಕಲ್!"

"ಕಾರಿದ್ದೂ ಆಟೋನಾ?" ಎಂದು ಗೊಣಗಿದರೂ ಅವರು ದುಡ್ಡು ಇಸ್ಕೊಂಡೇ ಹೋದರು.

ಐದೂವರೆಯ ಹೊತ್ತಿಗೆ ಉದಯಕುಮಾರ ಕಾದ ಇಸ್ತ್ರಿಪೆಟ್ಟಿಗೆಯಂತಾಗಿದ್ದ. ಕಾರು ಮಾತ್ರ ಮಡಕೆಯ ನೀರಿನಂತೆ ತಣ್ಣಗಿತ್ತು. ಬೆಳಿಗ್ಗೆಯಿಂದ ಹತ್ತು ಗಂಟೆ ಕಾಲ ಒಂದು ಸಲವೂ ಸ್ಟಾರ್ಟ್ ಆಗಿರಲಿಲ್ಲ.

"ರೀ, ಬೆವರು ನಾತ. ಬೀದಿಯೋರೆಲ್ಲ ಬರ್ತಾರೆ, ಸ್ನಾನ ಮಾಡಿ," ಎಂದಳು ಶೈಲಾ.

ಉದಯಕುಮಾರ ಉಡಿದಾರದಿಂದ ಕೀ ಬಿಚ್ಚಿ ಅವಳ ಅಂಗೈಯಲ್ಲಿಟ್ಟು ಮುಷ್ಟಿ ಮಡಿಸಿದ. "ದುಂಡಪ್ಪ ಬಂದ್ರೆ ಅವರ ಕೈಗೆ. ಬೇರೆ ಯಾರೇ ಕೇಳಿದ್ರೂ ಕೊಡಬೇಡ. ನಿಮ್ಮಪ್ಪಾನೇ ಬಂದ್ರೂ."

ಸ್ನಾನ ಮಾಡಿ, ತಲೆ ಬಾಚಿ, ಗೆಲ್ಲುವವನ ಇಸ್ತ್ರಿ ಶರಟು ಹಾಕಿ ಹೊರಬಂದಾಗ ಆರು. ಬೀದಿಯ ಜನ ಕುರ್ಚಿ ತಂದು ಕೂತಿದ್ದರು. ದುಂಡಪ್ಪ ಬಾನೆಟ್ಟಿನ ಬೆಡ್‌ಶೀಟು ತೆಗೆದಿಟ್ಟು ಡ್ರೈವರ್ ಸೀಟಿನಲ್ಲಿ ಕೂತಿದ್ದ.

"ಎಲ್ಲಾರೂ ನೋಡ್ಕೊಳ್ಳಿ!" ಎಂದ ಉದಯಕುಮಾರ. "ದುಂಡಪ್ಪ, ಒತ್ರೀ ಬ್ರೇಕು!"

ದುಂಡಪ್ಪ ಒತ್ತಿದ. ಪೆಡಲು ಮೆತ್ತಗೆ ಇಳಿಯಿತು. ಕಾರು ಮುಂದಕ್ಕೆ ಹೋಗಿ ಗಕ್ಕನೆ ನಿಂತಿತು. ಹಿಂದಕ್ಕೆ ಬಂದು ಗಕ್ಕನೆ ನಿಂತಿತು.

"ಬ್ರೇಕ್ ಏಕದಂ ಛಲೋ ಅದಾವ್ರಿ ಸರ," ಎಂದ ದುಂಡಪ್ಪ ಗಾಜು ಇಳಿಸಿ.

ನೀಲಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಉದಯಕುಮಾರ ಓಡಿಹೋಗಿ ಬಾನೆಟ್ಟಿಗೆ ಕೈ ಇಟ್ಟವನು ಚುರ್ ಎಂದು ಕಿತ್ತುಕೊಂಡ.

"ಯಾರ್ರೀ ಸ್ಟಾರ್ಟ್ ಮಾಡಿದ್ದು? ಯಾರು ಮುಟ್ಟಿದ್ದು ನನ್ ಗಾಡೀನ?"



"ನಾನ ರೀ ಸರ," ಎಂದ ದುಂಡಪ್ಪ. "ಸ್ವಲ್ಪ ಲಗೂನ ಬಂದೆ. ನೀವು ಜಳಕಕ್ಕ ಹೋಗೀರಿ ಅಂದ್ರು ಅಕ್ಕಾರು. ಹೊರಗ ಶೆಕಿ ಅಂದ್ರ ಶೆಕಿ! ಅರ್ಧ ತಾಸು ಏಸಿ ಹಾಕ್ಕೊಂಡು ಕುಂತಿದ್ದೆ."

"ಕೀ ತಿರುಗಿಸ್ಬೇಡಿ ಅಂತ ಹೇಳಿದ್ದು ನೀವೇ ಅಲ್ವೇನ್ರೀ!" ಉದಯಕುಮಾರ ಕಿರುಚಿಕೊಂಡು ಕಾರಿನ ಬಾಗಿಲು ಪೂರಾ ತೆರೆದ.

"ಅದು ನಿಮಗ ಹೇಳಿದ್ದು ಬಿಡ್ರಿ."

ಚನ್ನವೀರಪ್ಪನವರು ಲುಂಗಿಯ ಅಂಚಿನಿಂದ ಹಿಂದಿನ ಗಾಜಿನ ಧೂಳು ಒರೆಸತೊಡಗಿದರು. ಎಲ್ ಬೋರ್ಡು ಗಟ್ಟಿಯಾಗಿ ಅಂಟಬೇಕಲ್ಲ.

"ಬಾಗಲಾ ಹಾಕ್ರಿ ಸರ," ಎಂದ ದುಂಡಪ್ಪ ಒಳಗಿನಿಂದ. "ತಂಪೆಲ್ಲಾ ಹೊರಗ ಹೊಂಟೈತಿ."