ಕೊಲೆ ಆರೋಪಿಯ ಫೋಟೋದಲ್ಲಿ ನಾನು

ಫೋಟೋದಲ್ಲಿ ಚೆನ್ನಾಗಿ ಬೀಳುವುದು ಒಂದು ಭಾಗ್ಯ. ನನಗೆ ಆ ಭಾಗ್ಯ ಜೀವಮಾನದಲ್ಲಿ ಒಂದೇ ಸಲ ಒದಗಿದ್ದು. ಆಧಾರ್ ಕಾರ್ಡಿನಲ್ಲಿ ನಾನು ಈಗಷ್ಟೇ ಆಸ್ಪತ್ರೆಯಿಂದ ಎದ್ದು ಬಂದವನಂತಿದ್ದೇನೆ, ಮತದಾರರ ಚೀಟಿಯಲ್ಲಿ ಆಸ್ಪತ್ರೆಗೆ ಹೊರಟವನಂತಿದ್ದೇನೆ. ಮದುವೆಯ ಆಲ್ಬಂ ತೆರೆದರೆ ಪ್ರತಿ ಪುಟದಲ್ಲೂ ನನ್ನ ಕಣ್ಣು ಮುಚ್ಚಿದೆ. ಧಾರೆಯ ಹೊತ್ತಿನಲ್ಲಿ ನಾನು ನಿದ್ದೆ ಮಾಡುತ್ತಿದ್ದೆನೆಂದು ಹೆಂಡತಿ ರತ್ನ ಇವತ್ತಿಗೂ ಆಡಿಕೊಳ್ಳುತ್ತಾಳೆ. ಚೆನ್ನಾಗಿ ಬಿದ್ದ ಆ ಒಂದೇ ಫೋಟೋ ಡಿಗ್ರಿ ಓದುವಾಗ ಚಾಮರಾಜನಗರದ ಸ್ಟುಡಿಯೊ ಒಂದರಲ್ಲಿ ತೆಗೆಸಿದ್ದು. ತಲೆ ತುಂಬ ಕೂದಲು, ಆಗಷ್ಟೇ ಮೂಡಿದ ಮೀಸೆ, ಕಣ್ಣಲ್ಲಿ ಏನೋ ಸಾಧಿಸಿಯೇ ತೀರುವ ಹುಮ್ಮಸ್ಸು. ಸಾಧಿಸಿದ್ದು ಗುಂಡ್ಲುಪೇಟೆಯ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ. ಆ ಸಾಧನೆಯನ್ನು ನೋಡಲು ಕೂದಲು ಉಳಿಯಲಿಲ್ಲ.

ನಮಗಿರುವುದು ಒಬ್ಬಳೇ ಮಗಳು. ಹೋದ ವರ್ಷ ರಜೆಗೆ ಬಂದಾಗ ಅವಳು ಆ ಫೋಟೋವನ್ನು ಮೊಬೈಲಿಗೆ ಹಾಕಿ, ಯಾವುದೋ ಆ್ಯಪಿನಿಂದ ಉಜ್ಜಿ ತೊಳೆದು, ನಿನ್ನೆ ತೆಗೆದದ್ದೋ ಎಂಬಂತೆ ಹೊಳಪು ಕೊಟ್ಟಳು. ನನಗೆ ಆಸೆ ತಡೆಯಲಾಗಲಿಲ್ಲ. ಜಾಲತಾಣದ ನನ್ನ ಖಾತೆಗೆ ಅದನ್ನೇ ಹಾಕಿದೆ. ಕೆಳಗೆ ‘ಮಾದೇಶ್, ಚಾಮರಾಜನಗರ, ಕಾಲೇಜು’ ಎಂದಿತ್ತು. ಕಾಲೇಜಿನಲ್ಲಿ ಕೆಲಸ ಮಾಡುವವನೋ ಓದುವವನೋ ಎಂದು ನಾನು ಬರೆದಿರಲಿಲ್ಲ. ಆ ಫೋಟೋ ಹಾಕಿದ ಮೇಲೆ ಬರೆಯಲು ಮನಸ್ಸೂ ಬರಲಿಲ್ಲ.

ಹೆಸರಿನ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯಲ್ಲಿ ಬೆಟ್ಟದ ಮಾದಪ್ಪನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವರಿಗೆಲ್ಲ ಮಾದೇಶ ಎಂದೇ ಹೆಸರು. ಹರಕೆ ಹೊರದೆ ಹುಟ್ಟಿದವರಿಗೂ ಅದೇ. ಹಂಗಳದಲ್ಲಿರುವ ನನ್ನ ಭಾವ, ಅಂದರೆ ಅಕ್ಕನ ಗಂಡ, ಒಮ್ಮೆ ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ “ಲೋ ಮಾದೇಸ” ಎಂದು ಕೂಗಿದಾಗ ಹಣ್ಣಿನಂಗಡಿಯವನು, ಪೊಲೀಸಿನವನು, ಹೊರಡಲಿದ್ದ ಬಸ್ಸಿನ ಡ್ರೈವರು ಎಲ್ಲರೂ ತಿರುಗಿ ನೋಡಿದರು. ನಾನೊಬ್ಬ ತಿರುಗಲಿಲ್ಲ, ಬೇರೆ ಯಾರನ್ನೋ ಕರೆದಿರಬೇಕೆಂದು.

ಹೀಗಿರುವಾಗ ದೂರದ ಊರಿನ ಹಾಸ್ಟೆಲೊಂದರಲ್ಲಿ ಕಾಲೇಜು ಹುಡುಗನೊಬ್ಬನ ಕೊಲೆಯಾಯಿತು. ಅವನ ಜೊತೆ ಒಂದೇ ರೂಮಿನಲ್ಲಿದ್ದ, ನಮ್ಮ ಜಿಲ್ಲೆಯ ಮಾದೇಶ ಎಂಬ ವಿದ್ಯಾರ್ಥಿಯನ್ನು ಪೊಲೀಸರು ಹಿಡಿದರು. ಒಬ್ಬ ತಾಯಿಯ ಮಗ ಸತ್ತದ್ದನ್ನು ನೆನೆದರೆ ಇಲ್ಲಿ ನಗುವುದಕ್ಕೆ ನನಗೆ ಸಂಕೋಚವಾಗುತ್ತದೆ. ನಾನು ನಗುವುದು ನನ್ನ ಪಾಲಿಗೆ ಬಂದದ್ದನ್ನು ನೆನೆದು ಮಾತ್ರ. ಪೊಲೀಸರು ಆರೋಪಿಯ ಫೋಟೋ ಕೊಟ್ಟಿರಲಿಲ್ಲ. ಜನರಿಗೆ ಬೈಯಲು ಒಂದು ಮುಖ ಬೇಕಿತ್ತು. ಸುದ್ದಿ ಹರಡುವ ಯಾವುದೋ ಪೇಜಿನವನು ಹುಡುಕಿದ. ಹೆಸರು ಸರಿಹೋಯಿತು, ಜಿಲ್ಲೆ ಸರಿಹೋಯಿತು, ಕಾಲೇಜೂ ಇತ್ತು, ಮೀಸೆಯೂ ಎಳೆಯದಿತ್ತು. ‘ಇವನೇ ಆ ರಾಕ್ಷಸ’ ಎಂದು ಬರೆದು ನನ್ನ ಭಾಗ್ಯದ ಫೋಟೋವನ್ನು ಹಾಕಿಬಿಟ್ಟ.

ನನಗೆ ಇದು ತಿಳಿದದ್ದು ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ. ಪಕ್ಕದ ಸೀಟಿನ ಹೆಂಗಸು ಮೊಬೈಲು ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಅದನ್ನು ನನ್ನ ಮುಖಕ್ಕೆ ಹಿಡಿದು, “ನೋಡಿ ಸಾರ್, ಮುಖ ನೋಡುದ್ರೇ ಗೊತ್ತಾಯ್ತದ, ಎಂಥ ಪಾಪಿ ನನ್ಮಗ ಅಂತ” ಎಂದರು. ನಾನು ನೋಡಿದೆ. ನಾನೇ. ಬಾಯಿಂದ ಬಂದ ಮಾತು, “ಹೌದಮ್ಮ.” ಬೇರೆ ಏನು ಹೇಳಲಿ? ಇದು ನಾನು ಎಂದರೆ ಬಸ್ಸಿನಿಂದ ಇಳಿಸುತ್ತಾರೆ, ಇಲ್ಲವೇ ನನ್ನ ತಲೆ ನೋಡಿ ನಗುತ್ತಾರೆ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಿದೆನೋ ಈಗಲೂ ಹೇಳಲಾರೆ.

ಮಧ್ಯಾಹ್ನದ ಹೊತ್ತಿಗೆ ಫೋನುಗಳು ಶುರುವಾದವು. ವಿದ್ಯಾರ್ಥಿಗಳು ಪುಸ್ತಕದ ವಿಚಾರ ಕೇಳಲೆಂದು ಖಾತೆಯಲ್ಲಿ ನಂಬರನ್ನೂ ಕೊಟ್ಟಿದ್ದೆ. ಅವರಲ್ಲಿ ಒಬ್ಬರೂ ಎಂದೂ ಕೇಳಿದವರಲ್ಲ. ಈಗ ಕೇಳತೊಡಗಿದವರು ಯಾರೂ ವಿದ್ಯಾರ್ಥಿಗಳಲ್ಲ. ಒಬ್ಬಾತ ನನ್ನ ವಂಶವನ್ನೆಲ್ಲ ಬೈದು ಉಸಿರು ತೆಗೆದುಕೊಳ್ಳಲು ನಿಂತಾಗ, “ಸ್ವಾಮಿ, ನಾನು ಆ ಹುಡುಗ ಅಲ್ಲ, ನನಗೆ ಐವತ್ತು ದಾಟಿದೆ” ಎಂದೆ. ಅವನು ಒಂದು ಕ್ಷಣ ಯೋಚಿಸಿ, “ಈ ವಯಸ್ಸಿನಲ್ಲಿ ಕೊಲೆ ಮಾಡಕ್ಕೆ ನಾಚಿಕೆ ಆಗಲ್ವೇನ್ರೀ?” ಎಂದ. ‘ನೀನು’ ಹೋಗಿ ‘ರೀ’ ಬಂದದ್ದಕ್ಕೆ ನನಗೆ ಆ ಸಂಕಟದಲ್ಲೂ ಸ್ವಲ್ಪ ಸಮಾಧಾನವಾಯಿತು.

ಸಂಜೆ ಮನೆಯಲ್ಲಿ ನಾನೂ ರತ್ನಳೂ ಕೂತು ಕಾಮೆಂಟುಗಳನ್ನು ಓದಿದೆವು. ನನ್ನ ಮುಖವನ್ನು ಅಷ್ಟು ಶ್ರದ್ಧೆಯಿಂದ ಯಾರೂ ನೋಡಿರಲಿಲ್ಲ. ಹುಬ್ಬು ಕೂಡಿರುವುದು ಕ್ರೂರಿಯ ಲಕ್ಷಣವಂತೆ. ಕಿವಿ ಅಗಲವಿರುವವರು ನಂಬಿಕೆಗೆ ಯೋಗ್ಯರಲ್ಲವಂತೆ. ಗಲ್ಲಿಗೇರಿಸಿ ಎಂದವರು ಕೆಲವರು, ಗಲ್ಲು ಸಾಲದು ಎಂದವರು ಹಲವರು. ನಡುವೆ ಒಬ್ಬ ಹುಡುಗಿ, ‘ಎಷ್ಟು ಮುದ್ದಾಗಿದ್ದಾನೆ, ಇವನು ಮಾಡಿರಲಾರ’ ಎಂದು ಬರೆದಿದ್ದಳು. ನಾನು ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತೆನೆಂದು ಕಾಣುತ್ತದೆ. ರತ್ನ, “ಸಾಕು, ಕೆಳಕ್ಕೆ ತಳ್ಳಿ” ಎಂದಳು. ಆಮೇಲೆ ಅವಳೇ ಮೊಬೈಲು ಕಿತ್ತಿಟ್ಟು, “ಯಾರೋ ಗೊತ್ತಿಲ್ದೋರು ಅಂದ್ರೆ ನೀವು ಅದಾಗ್ಬುಟ್ರಾ? ಕೈತೊಳ್ಕಳಿ, ಊಟ ಮಾಡನ” ಎಂದಳು. ಆ ದಿನ ನನಗೆ ಅಂಥದೊಂದು ತೀರ್ಪು ಬೇಕಿತ್ತು.

ಮಾರನೆಯ ಬೆಳಿಗ್ಗೆ ಹಂಗಳದಿಂದ ಭಾವ ಮೂರು ಬೈಕುಗಳ ಪಡೆಯನ್ನು ಕಟ್ಟಿಕೊಂಡು ಬಂದರು. ಅಂಗಳದಲ್ಲಿ ನಿಂತೇ, “ಮಾದೇಸ, ಆ ಪೇಜಿನೋನ ಮನೆ ಎಲ್ಲದ್ಲಾ? ತೋರ್ಸು ನಡಿ” ಎಂದರು.

“ಪೇಜಿಗೆ ಮನೆ ಇರಲ್ಲ ಭಾವ.”

“ಮನೆ ಇಲ್ದೆ ಯಾವ ಮರದ್ ಮೇಲೆ ಕುಂತ್ಕಂಡು ಬರೀತಾನ್ಲಾ? ಊರಾದ್ರೂ ಯೋಳು, ನಾವು ಕೇಳ್ಕಂಡು ಓಯ್ತೀವಿ.”

ಊರೂ ಗೊತ್ತಿಲ್ಲವೆಂದಾಗ ಅವರಿಗೆ ಬಹಳ ನಿರಾಸೆಯಾಯಿತು. ಬಂದವರೆಲ್ಲ ಇಡ್ಲಿ ತಿಂದರು. ತಿಂದು ಸುಮ್ಮನೆ ಹೋಗದೆ ನನ್ನನ್ನು ನಡುವೆ ಕೂರಿಸಿಕೊಂಡು ಪೊಲೀಸ್ ಠಾಣೆಗೆ ಕರೆದೊಯ್ದರು. ಯಾರಾದರೂ ಕಲ್ಲು ಹೊಡೆದರೆ ಮೊದಲು ತಮಗೆ ಬೀಳಲಿ ಎಂದು ಹಿಂದೊಬ್ಬರು ಮುಂದೊಬ್ಬರು. ಕಲ್ಲು ಹೊಡೆಯಲು ನನ್ನನ್ನು ಗುರುತಿಸಬೇಕಲ್ಲ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಆ ಪ್ರೀತಿಗೆ ತರ್ಕ ಹೇಳಬಾರದು.

ಠಾಣೆಯಲ್ಲಿದ್ದ ಪೊಲೀಸಿನವರು ಮೊಬೈಲಿನ ಫೋಟೋ ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋಟೋ ನೋಡಿದರು. “ಇದು ನೀವೇ ಅನ್ನಕ್ಕೆ ಏನ್ ಸಾಕ್ಷಿ ಸಾರ್?” ಊರವರೆಲ್ಲ ನಾನೇ ಎಂದು ಉಗಿಯುತ್ತಿರುವಾಗ ಇಲ್ಲಿ ನಾನೇ ಎಂದು ಸಾಧಿಸಬೇಕಾಗಿ ಬಂತು. ಭಾವ ಮುಂದೆ ಬಂದು ನನ್ನ ಕಿವಿಯನ್ನು ಹಿಡಿದೆಳೆದು ತೋರಿಸಿದರು. “ಈ ಕಿವಿ ನೋಡಿ ಸಾ. ಕೂದ್ಲು ಓದ್ರೂ ಕಿವಿ ಓಯ್ತದಾ?” ಪೊಲೀಸಿನವರು ನಗು ತಡೆದುಕೊಂಡು ದೂರು ಬರೆದುಕೊಂಡರು, ಟೀ ತರಿಸಿಕೊಟ್ಟರು, “ಫೋನ್ ಬಂದ್ರೆ ಎತ್ತಬೇಡಿ, ಹೆದರಬೇಡಿ” ಎಂದು ಎರಡೆರಡು ಸಲ ಹೇಳಿದರು. ಭಾವನವರ ಹಿಡಿತದಿಂದ ಕಿವಿ ಇನ್ನೂ ಉರಿಯುತ್ತಿತ್ತು. ಮನಸ್ಸು ಮಾತ್ರ ತಂಪಾಗಿತ್ತು.

ಮನೆಗೆ ಬಂದು ನೋಡಿದರೆ ಆ ಪೇಜಿನಲ್ಲಿ ಹೊಸದೊಂದು ಹೆಸರು ಕಾಣಿಸಿತು. ಶೋಭಾ ಎಂಬ ಹುಡುಗಿ ಬೈಗುಳಗಳ ಕೆಳಗೆಲ್ಲ ಒಂದೇ ಮಾತನ್ನು ಬರೆಯುತ್ತಾ ಹೋಗಿದ್ದಳು: ‘ನಾನು ಮಾದೇಶನ ಅಕ್ಕ. ಫೋಟೋದಲ್ಲಿ ಇರುವವರು ನನ್ನ ತಮ್ಮ ಅಲ್ಲ. ದಯವಿಟ್ಟು ತೆಗೆಯಿರಿ.’ ಜನ ಅವಳ ಮೇಲೆ ತಿರುಗಿಬಿದ್ದರು. ಕೊಲೆಗಾರನ ಅಕ್ಕ ಎಂದರು, ಇನ್ನೂ ಏನೇನೋ ಅಂದರು. ಅವಳು ಯಾರಿಗೂ ಎದುರು ಮಾತಾಡಲಿಲ್ಲ. ಮುಂದಿನ ಬೈಗುಳದ ಕೆಳಗೆ ಮತ್ತೆ ಅದನ್ನೇ ಬರೆದಳು. ಸಾಯಂಕಾಲ ಪೇಜಿನವನು ನನ್ನ ಫೋಟೋ ತೆಗೆದುಹಾಕಿದ. ಅವಳ ಖಾತೆಯಿಂದಲೇ ಅವರ ಮನೆಯ ಫೋಟೋವೊಂದನ್ನು ಹೆಕ್ಕಿ ಹಾಕಿದ. ಅದರಲ್ಲಿ ತಮ್ಮನ ಜೊತೆ ಅವಳಿದ್ದಳು, ಅವರ ತಾಯಿಯೂ ಇದ್ದರು.

ನನ್ನ ಫೋನು ತಣ್ಣಗಾಯಿತು. ಸಂತೋಷಕ್ಕೆ, “ರತ್ನ, ಪಾಯಸ ಮಾಡೇ” ಎಂದೆ.

ಅವಳು ನನ್ನನ್ನೇ ನೋಡಿದಳು. “ಅವ್ರ ಮನೇಲಿ ಒಲೆ ಹಚ್ಚವ್ರೋ ಇಲ್ವೋ. ನಿಮ್ಗೆ ಪಾಯಸ ಬೇಕಾ?”

ಪಾಯಸ ಆಗಲಿಲ್ಲ. ಭಾನುವಾರ ರತ್ನ ಕ್ಯಾರಿಯರಿನಲ್ಲಿ ಅನ್ನ, ಅವರೆಕಾಳಿನ ಸಾರು ತುಂಬಿಸಿಕೊಂಡು ನನ್ನನ್ನು ಹೊರಡಿಸಿದಳು. ಶೋಭಾಳಿಗೆ ಮೆಸೇಜು ಮಾಡಿ ಕೇಳಿಯೇ ಹೊರಟೆವು. ಅವರ ಊರು ಉಮ್ಮತ್ತೂರು. ಬಸ್ಸಿನುದ್ದಕ್ಕೂ ಏನು ಮಾತಾಡಬೇಕೆಂದು ಯೋಚಿಸಿದೆ. ಇಂಥ ಮನೆಗೆ ಹೋಗಿ ‘ಹೇಗಿದ್ದೀರಿ’ ಎನ್ನಲಾಗದು, ‘ಚೆನ್ನಾಗಿದ್ದೀರಾ’ ಎಂದಂತೂ ಕೇಳಲಾಗದು. ಕೊನೆಗೆ ಬಾಗಿಲಲ್ಲಿ ನಿಂತು, “ನಾನೇ ಆ ಫೋಟೋ” ಎಂದೆ.

ಶೋಭಾ ಚಾಮರಾಜನಗರದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಹುಡುಗಿ. ಈ ಗಲಾಟೆಯಾದ ಮೇಲೆ ಹೋಗಿರಲಿಲ್ಲ. ಚಾಪೆ ಹಾಸಿ ಕೂರಿಸಿ, “ತುಂಬ ಬೈದ್ರಾ ಸಾರ್?” ಎಂದಳು. ತಾನೇ ಅಪರಾಧ ಮಾಡಿದವಳಂತಿತ್ತು ಅವಳ ದನಿ.

ರತ್ನ ಅವಳ ಕೈ ಹಿಡಿದುಕೊಂಡಳು. “ಯಾಕವ್ವ ಬರಿಯಕ್ಕೋದೆ? ಸುಮ್ನಿದ್ದಿದ್ರೆ ನಿಮ್ಮ ಮುಖ ಆಚ್ಗೆ ಬತ್ತಿರ್ನಿಲ್ವಲ್ಲ.”

“ಒಂದ್ ಗಳಿಗೆ ಸುಮ್ನೇ ಇದ್ದೆ ಅಕ್ಕ. ಬೇರೆಯವ್ರ ಪೋಟ ಹಾಕವ್ರೆ, ಸದ್ಯ ನಮ್ಮನೆ ಉಳ್ಕತು ಅನ್ಕಂಡೆ. ಆಮೇಲೆ ತಡಿಯಕ್ಕಾಗ್ನಿಲ್ಲ. ನನ್ ತಮ್ಮ ಮಾಡವ್ನೋ ಇಲ್ವೋ ನಂಗೊತ್ತಿಲ್ಲ, ಕೋರ್ಟು ಯೋಳ್ತದ. ಇವ್ರೇನ್ ಮಾಡಿದ್ರು ಅಕ್ಕ?”

ಯಾವ ಪುಸ್ತಕ ಕೊಟ್ಟರೂ ಅದರ ಜಾಗದಲ್ಲಿ ಇಡಬಲ್ಲವನು ನಾನು. ಆ ಮಾತನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ನನ್ನ ಮುಖ ಅವರಿಗೊಂದು ಮರೆಯಾಗಿತ್ತು. ಅದನ್ನು ಅವಳು ತನ್ನ ಕೈಯಿಂದಲೇ ತೆಗೆದಿದ್ದಳು, ಗುರುತೇ ಇಲ್ಲದ ನನಗೋಸ್ಕರ. ‘ಥ್ಯಾಂಕ್ಸ್ ಕಣಮ್ಮಿ’ ಎಂದೆ. ಅಷ್ಟು ಸಣ್ಣ ಮಾತನ್ನು ನಾನು ಬೇರೆಲ್ಲೂ ಆಡಿಲ್ಲ.

ಅಷ್ಟರಲ್ಲಿ ಅವರ ತಾಯಿ ಕಾಫಿ ತಂದರು. ಲೋಟ ಕೊಟ್ಟು ನನ್ನೆದುರು ಗೋಡೆಗೊರಗಿ ಕೂತು, “ನಿಮ್ಮ ಮಗನ್ ಪೋಟ ಹಾಕ್ಬುಟ್ಟಿದ್ರಂತಲ್ಲ ಸ್ವಾಮಿ” ಎಂದರು. “ಮಗೀಗೆ ಏನೂ ಆಗ್ನಿಲ್ವಲ್ಲ? ಉಂಡ್ಕಂಡು ತಿಂದ್ಕಂಡು ಚೆಂದಾಗವ್ನಾ?”

ಶೋಭಾ ಏನೋ ಹೇಳಲು ಬಾಯಿ ತೆರೆದಳು. ರತ್ನ ಕಾಫಿಯ ಲೋಟದೊಳಗೆ ನೋಡತೊಡಗಿದಳು. ಆ ತಾಯಿಯ ಕಣ್ಣು ಅತ್ತು ಅತ್ತು ಊದಿತ್ತು.

“ಚೆನ್ನಾಗವ್ನೆ ಕಣಮ್ಮ” ಎಂದೆ.

“ಸ್ವಲ್ಪ ದಿನ ಒಬ್ಬೊಬ್ನೇ ಎಲ್ಲೂ ಕಳಿಸ್ಬೇಡಿ. ಕ್ವಾಪದಲ್ಲಿರೋ ಜನ ಮುಖ ಸರ್ಯಾಗಿ ನೋಡಲ್ಲ.” ಸೆರಗಿನಿಂದ ಕಣ್ಣೊರೆಸಿಕೊಂಡು, “ಸತ್ತೋದ ಮಗೂವೆ ಹಬ್ಬುಕ್ಕೆ ಬಂದು ನಮ್ಮನೇಲಿ ಉಂಡ್ಕಂಡು ಓಗಿದ್ದ. ಅವ್ರವ್ವ ಎಂಗದಳೋ” ಎಂದರು. ಆಮೇಲೆ ರತ್ನ ಎದ್ದು ತಾನೇ ತಟ್ಟೆ ಹುಡುಕಿ, ಎಲ್ಲರಿಗೂ ಬಡಿಸಿದಳು. ಅವರು ಉಂಡರು.

ಆ ಹುಡುಗನಿಗೆ ಈಗ ಜಾಮೀನು ಸಿಕ್ಕಿದೆ, ಕೇಸು ನಡೆಯುತ್ತಿದೆ. ಏನು ತೀರ್ಪು ಬರುತ್ತದೋ ನನಗೆ ಗೊತ್ತಿಲ್ಲ. ಪೇಜಿನವನು ಬೇರೆ ಯಾರದೋ ಬೆನ್ನು ಹತ್ತಿದ್ದಾನೆ. ಶೋಭಾ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾಳೆ. ರತ್ನ ಸೀರೆ ಕೊಳ್ಳುವುದು ಅವಳ ಅಂಗಡಿಯಲ್ಲೇ. ಕೊಳ್ಳಲು ಮೊದಲಿಗಿಂತ ಹೆಚ್ಚು ಕಾರಣಗಳೂ ಹುಟ್ಟಿಕೊಂಡಿವೆ.

ಶೋಭಾಳ ತಾಯಿ ಆಗಾಗ ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ಸಿಗುತ್ತಾರೆ. ತಮ್ಮ ಮಗನ ಸುದ್ದಿ ಹೇಳುವ ಮೊದಲು ನನ್ನ ಮಗನನ್ನು ವಿಚಾರಿಸುತ್ತಾರೆ. ನಿಜ ಹೇಳಿಬಿಡೋಣವೆಂದು ಪ್ರತಿ ಸಲವೂ ಬಾಯಿ ತೆರೆಯುತ್ತೇನೆ. ಆದರೆ ಆ ಗಲಾಟೆಯಲ್ಲಿ ಒಂದು ಮಗುವಾದರೂ ಸುರಕ್ಷಿತವಾಗಿ ಪಾರಾಯಿತಲ್ಲ ಎಂಬ ನೆಮ್ಮದಿ ಅವರ ಮುಖದಲ್ಲಿ ಕಾಣುತ್ತದೆ. ಅದನ್ನು ಕಿತ್ತುಕೊಳ್ಳಲು ನನ್ನಿಂದಾಗುವುದಿಲ್ಲ. ಹೀಗಾಗಿ ನನ್ನ ಮಗ ಪರೀಕ್ಷೆ ಪಾಸು ಮಾಡಿದ, ಅದೂ ಅಪ್ಪನಿಗಿಂತ ಒಳ್ಳೆಯ ಅಂಕದಲ್ಲಿ. ಆಮೇಲೆ ಕೆಲಸಕ್ಕೂ ಸೇರಿದ. ಮೊನ್ನೆ ಸಿಕ್ಕಾಗ ಅವರು ರತ್ನಳ ಕೈ ಹಿಡಿದು, “ಇನ್ನೇನವ್ವ, ಮದ್ವೆ ಮಾಡ್ಬುಡಿ” ಎಂದರು. ನಾನು ಯೋಚಿಸದೆ, “ಹೆಣ್ಣು ನೋಡ್ತಾ ಇದ್ದೀವಿ” ಎಂದೆ.

ಬಸ್ಸು ಹತ್ತಿ ಕೂತೆವು. ಟಿಕೆಟ್ ಕೊಟ್ಟು ಕಂಡಕ್ಟರು ಮುಂದೆ ಹೋಗುವವರೆಗೆ ಕಾದು, ರತ್ನ ನನ್ನ ಕಡೆಗೆ ತಿರುಗಿದಳು.

“ಅಲ್ಲ, ಮಗನ್ನೇನೋ ತಂದ್ಬುಟ್ರಿ. ಸೊಸೆನ ಎಲ್ಲಿಂದ ತತ್ತೀರ?”